ಅಂಚೆಯಣ್ಣನ ಮೀಸೆ ಹೋದ ಬಗ್ಗೆ ಗಣಿತದ ಮೇಷ್ಟ್ರಿಗೆ

ಎಂಟನೇ ತರಗತಿಯ ಗಣಿತ ಅಧ್ಯಾಪಕರಾದ ಮಾನ್ಯರೇ,

ತಮ್ಮ ಗಂಟಲು ಸದಾ ತಿಳಿಯಾಗಿರಲಿ, ತಮ್ಮ ಸೀಮೆಸುಣ್ಣ ಎಂದೂ ಮುರಿಯದಿರಲಿ ಎಂದು ಮನಸಾರೆ ಹಾರೈಸುತ್ತ, ಶಾಲೆಯ ಹಿಂದಿನ ರಸ್ತೆಯ ಕ್ಷೌರದಂಗಡಿಯವನೂ ತಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯೂ ಆದ ನಾನು, ನಾಲ್ಕು ಜನ ಓದಲೆಂದು ಅಂಗಡಿಯ ಬಾಗಿಲಿಗೇ ಅಂಟಿಸುತ್ತಿರುವ ಅಹವಾಲು ಇದು.

ಪಾಠವನ್ನು ಮನೆಯಲ್ಲಿ ವಿಡಿಯೋ ನೋಡಿ ಕಲಿಯಬೇಕು, ಹೋಮ್‌ವರ್ಕನ್ನು ಶಾಲೆಯಲ್ಲಿ ಕೂತು ಮಾಡಬೇಕು ಎಂಬ ತಮ್ಮ ತಲೆಕೆಳಗಿನ ಪದ್ಧತಿ ಬಂದಂದಿನಿಂದ ನನ್ನ ತಂದೆತನಕ್ಕೇ ಕೆಲಸವಿಲ್ಲದಂತಾಗಿದೆ. ನನಗೆ ಕೇಳಲು ಬರುತ್ತಿದ್ದ ಒಂದೇ ಪ್ರಶ್ನೆ ಹೋಮ್‌ವರ್ಕ್ ಆಯ್ತಾ ಎಂಬುದು. ಈಗ ಕೇಳಿದರೆ ಮಗಳು, ಅದು ನಾಳೆ ಶಾಲೆಯಲ್ಲಿ ಕಣಪ್ಪಾ, ಪಾಠ ನಡೀತಿದೆ, ಸ್ವಲ್ಪ ಸುಮ್ನಿರು ಎನ್ನುತ್ತಾಳೆ. ಮನೆಗಿರುವ ಒಂದೇ ಫೋನು ಅಂಗಡಿಯ ಕನ್ನಡಿಯ ಪಕ್ಕದಲ್ಲಿ ಇರುವುದರಿಂದ, ತಾವು ದಿನವೂ ಸಂಜೆ ಐದಕ್ಕೆ ನನ್ನ ಅಂಗಡಿಗೇ ದಯಮಾಡಿಸುತ್ತೀರಿ. ಅವಳು ಅದೇ ಮೂರು ನಿಮಿಷವನ್ನು ಹನ್ನೊಂದು ಸಲ ಹಿಂದಕ್ಕೆಳೆದು ಕೇಳಿದರೂ ತಾವು ಒಮ್ಮೆಯೂ ಸಿಡುಕಲಿಲ್ಲ. ಎರಡನೇ ಸಲ ಕೇಳಿದ್ದಕ್ಕೇ ಬೆಂಚಿನ ಮೇಲೆ ನಿಂತು, ಒಂಬತ್ತನೇ ತರಗತಿಗೇ ಶಾಲೆಗೆ ಕೈಮುಗಿದ ನನಗೆ ಇದು ಹೊಟ್ಟೆಕಿಚ್ಚಿನ ಸಂಗತಿ.

ಕಳೆದ ಗುರುವಾರ ಅಂಚೆಯಣ್ಣ ಗಡ್ಡಕ್ಕೆಂದು ಬಂದು ಕೂತರು. ತಾವು ಮೂರು ಎಕ್ಸ್ ಕೂಡಿಸು ಐದು, ಸಮ ಇಪ್ಪತ್ತಾರು ಎಂದು ಬರೆದು, ವಿಡಿಯೋ ನಿಲ್ಲಿಸಿ ನೀವೇ ಯೋಚಿಸಿ ಎಂದಿರಿ. ಮಗಳು ನಿಲ್ಲಿಸಿದಳು, ನಾನೂ ಯೋಚಿಸಿದೆ, ಕತ್ತಿ ಮಾತ್ರ ನಿಲ್ಲಲಿಲ್ಲ. ಹದಿನಾಲ್ಕು ವರ್ಷ ಸಾಕಿದ ಮೀಸೆಯ ಎಡಭಾಗ ನೊರೆಯ ಜೊತೆ ಜಾರಿತು. ಅಷ್ಟರಲ್ಲಿ ಮಗಳು ವಿಡಿಯೋ ಮತ್ತೆ ಓಡಿಸಿದಳು, ತಾವು ಬಾಯಿಬಿಟ್ಟು, ಎಡಬದಿಯಿಂದ ತೆಗೆದಷ್ಟನ್ನೇ ಬಲಬದಿಯಿಂದಲೂ ತೆಗೆಯಬೇಕು, ಇಲ್ಲದಿದ್ದರೆ ಸಮ ಉಳಿಯುವುದಿಲ್ಲ ಎಂದು ಅಪ್ಪಣೆ ಕೊಡಿಸಿದಿರಿ. ಗುರುವಾಕ್ಯ ಮೀರುವುದುಂಟೇ? ಕಣ್ಣುಮುಚ್ಚಿ ಲೆಕ್ಕ ಹಾಕುತ್ತಿದ್ದ ಅಂಚೆಯಣ್ಣ, ಎಕ್ಸ್ ಅಂದ್ರೆ ಏಳು ಎಂದು ಹೆಮ್ಮೆಯಿಂದ ಹೇಳಿಯೇ ಕನ್ನಡಿ ನೋಡಿದರು. ಅಂದಿನಿಂದ ಪರಿಚಯದ ನಾಯಿಗಳೂ ಅವರನ್ನು ಹೊಸಬರೆಂದು ಬೊಗಳುತ್ತಿವೆ. ಅವರು ನನ್ನ ಮನೆಯ ಕಾಗದಗಳನ್ನು ಗಟಾರದಾಚೆಯಿಂದಲೇ ಎಸೆಯುತ್ತಿದ್ದಾರೆ.

ಮಗಳಿಗೆ ಫೋನು ಮುಟ್ಟಕೂಡದೆಂದು ಗದರಿ, ತಮಗೂ ನಾಲ್ಕು ಮಾತು ಅನ್ನಲೆಂದು ಮರುದಿನ ಶಾಲೆಗೆ ಬಂದಿದ್ದೆ. ಕಿಟಕಿಯಿಂದ ನೋಡಿದರೆ ಬೋರ್ಡಿನ ಮುಂದೆ ಯಾರೂ ಇಲ್ಲ, ತರಗತಿಯೋ ಸಂತೆ. ತಾವು ಯಾವುದೋ ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಬ್ಬಳ ತಪ್ಪನ್ನು ಅವಳಿಂದಲೇ ಹುಡುಕಿಸುತ್ತಿದ್ದಿರಿ. ಏಳು ವರ್ಷ ಎಲ್ಲದಕ್ಕೂ ‘ಅರ್ಥ ಆಯ್ತು ಸಾರ್’ ಎಂದು ತಲೆಯಾಡಿಸಿ ಮನೆಗೆ ಬಂದು ಅಳುತ್ತಿದ್ದ ನನ್ನ ಮಗಳು, ಪಕ್ಕದವಳಿಗೆ, ನಂಗೂ ಮೊದಲು ಗೊತ್ತಾಗ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳ್ತೀನಿ ನೋಡು, ಎನ್ನುತ್ತಿದ್ದಳು. ಬಂದ ದಾರಿಯಲ್ಲೇ ಹಿಂತಿರುಗಿ, ಸಂಜೆ ಫೋನನ್ನು ನಾನೇ ಒರೆಸಿ ಅವಳ ಕೈಗಿಟ್ಟೆ.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಯೋಚಿಸಿ ಎನ್ನುವ ಮುನ್ನ ‘ಕತ್ತಿ ಕೆಳಗಿಡಿ’ ಎಂದೊಂದು ಮಾತು ಸೇರಿಸಬೇಕು. ಅಪ್ಪಂದಿರಿಗೆ ಸಂಜೆ ಕೇಳಲು ಒಂದು ಹೊಸ ಪ್ರಶ್ನೆ ಮಂಜೂರು ಮಾಡಬೇಕು. ಸಾಧ್ಯವಾದರೆ ಒಂದು ಮೀಸೆಯನ್ನೂ. ಇಲ್ಲವಾದರೆ ನಾನೂ ತಮ್ಮ ಪದ್ಧತಿಯನ್ನೇ ಹಿಡಿದು, ಗಿರಾಕಿಗಳಿಗೆ ವಿಡಿಯೋ ಕಳಿಸಿ, ಕ್ಷೌರ ಮನೆಯಲ್ಲಿ ಮಾಡಿಕೊಳ್ಳಿ, ಗಾಯಗಳಿದ್ದರೆ ಮಾತ್ರ ಅಂಗಡಿಗೆ ಬನ್ನಿ, ಚರ್ಚಿಸೋಣ ಎನ್ನಬೇಕಾದೀತು.

ಎರಡು ಸಲ ಕೇಳಿದರೂ ಬೈಸಿಕೊಳ್ಳದ ಹೊಸ ವಿದ್ಯಾರ್ಥಿಯೂ
ತಮ್ಮ ವಿಶ್ವಾಸಿಯೂ ಆದ
ಕ್ಷೌರದಂಗಡಿಯವನು

ತಾ.ಕ.: ತಾವು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ತಮ್ಮ ಹಿಂದಲೆ ಪರದೆಯ ತುಂಬ ಕಾಣುತ್ತದೆ. ಅದನ್ನು ಕತ್ತರಿಸಿದ ಮಹನೀಯರು ಯಾರೆಂದು ನಾನು ಕೇಳುವುದಿಲ್ಲ. ಆದರೆ ಅವರಿಗೂ ಆ ಪಾಠ ಒಂದೇ ಸಲಕ್ಕೆ ಅರ್ಥವಾದಂತಿಲ್ಲ.