ಜಡ್ಜು ಕನ್ನಡಕ ತೆಗೆದ ಮೇಲೆ

ಎಲ್ಲರೂ ಸಿನಿಮಾ ನೋಡ್ತಾರೆ, ಅಳ್ತಾರೆ, ಎದ್ದು ಮನೆಗೆ ಹೋಗ್ತಾರೆ. ನಮ್ಮಮ್ಮನ ಜೊತೆ ಕೂತರೆ ಮಾತ್ರ ಏನಾದರೊಂದು ಎಡವಟ್ಟು ಆಗದೆ ಇರೋಲ್ಲ. ಆಗಿದ್ದನ್ನು ಆಗಿದ್ದ ಹಾಗೇ ಹೇಳ್ತೀನಿ.

ಬಸ್ಸು

ಎಪ್ಪತ್ತರ ದಶಕ. ನಮ್ಮೂರು ಕ್ಯಾಸಂಬಳ್ಳಿ ಹತ್ತಿರ. ಕಾಲೇಜಿಗೆ ರಜ ಇದ್ದ ದಿನ ಅಮ್ಮ ನನ್ನನ್ನು ಕೆಜಿಎಫ್‌ಗೆ ಮ್ಯಾಟಿನಿಗೆ ಎಳಕೊಂಡು ಹೋದಳು. ಸಿನಿಮಾದಲ್ಲಿ ಹೀರೋ ಮೇಲೆ ಕೊಲೆ ಆಪಾದನೆ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತಳು. ಕಡೆಗೆ ಕೋರ್ಟು ಬಂತು. ಜಡ್ಜು ತೀರ್ಪು ಹೇಳೋಕೆ ಅಂತ ಕನ್ನಡಕ ತೆಗೆದ.

ಅಷ್ಟರಲ್ಲಿ ಬಾಗಿಲ ಪರದೆ ಸರಿಸಿಕೊಂಡು ಬಸ್ ಕಂಡಕ್ಟರು ಒಳಗೆ ಬಂದ. “ಕ್ಯಾಸಂಬಳ್ಳಿ, ಕ್ಯಾಸಂಬಳ್ಳೀ!” ಅದೇ ಕೊನೇ ಬಸ್ಸು. ಅರ್ಧ ಥಿಯೇಟರು ಎದ್ದು ನಿಂತಿತು.

ಬಸ್ಸಿನಲ್ಲಿ ಅಮ್ಮ ಅವನನ್ನು ಹಿಡಕೊಂಡಳು. “ಐದ್ ನಿಮಿಸ ತಡ್ಕಂಡಿದ್ರೆ ನಿನ್ ಗಂಟೇನ್ ಓಗ್ತಿತ್ತಪ್ಪಾ? ಅವನ್ನ ಬಿಟ್ರೋ ಇಲ್ವೋ, ಅದಾದ್ರೂ ಏಳು.”

“ನಂಗೇನ್ ಗೊತ್ತಮ್ಮಾ? ದಿನಾ ಒಳೀಕ್ ಬತ್ತೀನಿ. ದಿನಾ ಆ ಜಡ್ಜು ಕನ್ನಡ್ಕ ತೆಗೀತಾ ಇರ್ತಾನೆ.”

ತೆಂಗಿನಕಾಯಿ

ಮಾರನೇ ದಿನ ಅಮ್ಮ ಗಂಗಮ್ಮನ ಗುಡಿಗೆ ಹೋಗಿ, ಹೀರೋಗೆ ಬಿಡುಗಡೆ ಆಗಲಿ ಅಂತ ಕಾಯಿ ಒಡೆದಳು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅಮ್ಮನಿಗೆ ಅದೇ ತೀರ್ಪು. ಬಿಟ್ಟುಬಿಟ್ಟರು ಅಂತ ಊರಿಗೆಲ್ಲ ಸಾರಿದಳು.

ಎದುರು ಮನೆ ದೊಡ್ಡಮ್ಮ ಸುಮ್ಮನೆ ಒಪ್ಪೋಳಲ್ಲ. “ನೀನ್ ಕಣ್ಣಾರೆ ಕಂಡ್ಯಾ?”

“ಕಂಡೆ, ನನ್ನ ಮಗನ್ನೂ ಕೇಳು.”

ನಾನು ಹೂಂ ಅಂದೆ. ಮುದ್ದೆ ಹಾಕೋ ತಾಯಿ.

“ಆಮ್ಯಾಕೆ? ಆ ಉಡುಗೀನ ಮದ್ವೆ ಆದ್ನಾ?”

“ಆಗೋಯ್ತು. ಎಲ್ಡ್ ಮಕ್ಳು.”

ಏಣಿ

ವರ್ಷಗಳು ಕಳೆದು ನನಗೆ ಕೆಜಿಎಫ್‌ನಲ್ಲೇ ಕಾರ್ಖಾನೆ ಕೆಲಸ ಸಿಕ್ಕಿತು, ಆಂಡರ್ಸನ್‌ಪೇಟೆಯಲ್ಲಿ ಬಾಡಿಗೆ ಮನೆ ಮಾಡಿ ಟೀವಿ ತಂದೆ. ಪಕ್ಕದ ಮನೆಯವನು ಗಣಿ ಕೆಲಸದವನು, ತಮಿಳಿನವನು, ಟೀವಿ ನೋಡೋಕೆ ನಮ್ಮನೆಗೇ ಬರೋನು. ಶುಕ್ರವಾರ ಅವನ ಹಾಡುಗಳಿಗೆ ಆಂಟೆನಾ ಮೂಡಣಕ್ಕೆ, ಮದ್ರಾಸಿನ ಕಡೆ. ಭಾನುವಾರ ನಮ್ಮ ಸಿನಿಮಾಕ್ಕೆ ಪಡುವಣಕ್ಕೆ, ಬೆಂಗಳೂರಿನ ಕಡೆ. ಹಾಗಂತ ಒಪ್ಪಂದ.

ತಿರುಗಿಸೋದು ಅವನ ಪಾಲು ಅಂತ ಏಣಿ ಇಟ್ಟೆ. ಮೂರನೇ ಮೆಟ್ಟಿಲಿಗೇ ಏಣಿ ತಬ್ಬಿಕೊಂಡ. “ಸಾರ್, ಕೆಳಗೆ ಇಳಿಯೋದಾದ್ರೆ ಎರಡು ಮೈಲಿ ಬೇಕಾದ್ರೂ ಇಳೀತೀನಿ. ಮೇಲೆ ಮಾತ್ರ ಆಗಲ್ಲ.”

ಅವತ್ತಿಂದ ಎರಡು ಭಾಷೆಗೂ ನಾನೇ ಹತ್ತಿದೆ.

ತೀರ್ಪು

ಒಂದು ಭಾನುವಾರ ಅದೇ ಸಿನಿಮಾ ಟೀವಿಯಲ್ಲಿ ಬರುತ್ತೆ ಅಂತ ಗೊತ್ತಾಯಿತು. ಅಮ್ಮ ದೊಡ್ಡಮ್ಮನನ್ನೂ ಕಟ್ಟಿಕೊಂಡು ಬೆಳಿಗ್ಗೆಯೇ ಬಂದಿಳಿದಳು. “ಬಾ, ನೋಡ್ಕ. ನಾನ್ ಸುಳ್ ಏಳ್ತೀನಾ?” ನಾನು ಬಾಗಿಲ ಹತ್ತಿರವೇ ಕೂತೆ. ಅವತ್ತು ಹೂಂ ಅಂದಿದ್ದವನು ನಾನೇ ಅಲ್ಲವೇ?

ಜಡ್ಜು ಕನ್ನಡಕ ತೆಗೆದ. ಅಮ್ಮ ಅಭ್ಯಾಸಬಲದಿಂದ ಚೀಲ ಹಿಡಿದು ಅರ್ಧ ಎದ್ದಳು. ಯಾವ ಕಂಡಕ್ಟರೂ ಬರಲಿಲ್ಲ. ಮತ್ತೆ ಕೂತಳು. ಜಡ್ಜು ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ಹೀರೋಗೆ ಜೀವಾವಧಿ ಶಿಕ್ಷೆ ಕೊಟ್ಟ.

ದೊಡ್ಡಮ್ಮ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು. “ಎಲ್ಡ್ ಮಕ್ಳು ಅಂದಿದ್ದೆ?”

ಅಮ್ಮನ ಕಣ್ಣಲ್ಲಿ ನೀರು. ಆದರೆ ಸೋಲೊಪ್ಪೋ ಜೀವ ಅಲ್ಲ ಅದು. ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು.

“ಎದ್ದೇಳ್ಲಾ, ಮ್ಯಾಕತ್ತಿ ಆಂಟೆನಾನ ಮದ್ರಾಸ್ ಕಡೀಕ್ ತಿರುಗ್ಸು. ಅಲ್ಲಿ ಜಡ್ಜು ಬಿಡ್ತಾನೆ.”

ನಾನು ಏಣಿ ತಂದೆ.