ನಾನು ಕಂಡುಹಿಡಿದ ಬೆಂಡಿನ ದೀಪ

ಇಂಥವೆಲ್ಲ ನಿಮಗೇ ಯಾಕೆ ಆಗುತ್ತವೆ ಎಂದು ಜನ ಕೇಳುತ್ತಾರೆ. ಬೇರೆಯವರಿಗೆ ಆಗಬೇಕಾದರೆ ಅವರಿಗೂ ಒಂದು ಯೋಗ್ಯತೆ ಬೇಡವೇ? ವರ್ಗವಾಗಿ ಕೋಲ್ಕತ್ತಕ್ಕೆ ಬಂದ ಮೂರು ವರ್ಷದಲ್ಲಿ ನಾನು ಎಷ್ಟು ಕೈಕಸುಬಿನವರನ್ನು ಕಂಡುಹಿಡಿದಿದ್ದೇನೆಂದರೆ, ಅಮೆರಿಕ ಕಂಡುಹಿಡಿದ ಆಸಾಮಿ ಬದುಕಿದ್ದರೆ ನನ್ನ ಕೈಕೆಳಗೆ ಗುಮಾಸ್ತನಾಗಿರುತ್ತಿದ್ದ.

“ಅವರೆಲ್ಲ ಮೂರು ತಲೆಮಾರಿನಿಂದ ಅದೇ ಗಲ್ಲಿಯಲ್ಲಿದ್ದಾರೆ” ಎನ್ನುತ್ತಾಳೆ ಹೆಂಡತಿ.

ಇರಲಿ. ಅಮೆರಿಕವೂ ಅಲ್ಲೇ ಇತ್ತು.

ಅವಳ ಚಿಂತೆ ಬೇರೆ. ಮಗಳಿಗೆ ಇಪ್ಪತ್ತೆಂಟು. ಗಂಡಿನ ಕಡೆಯವರು ಬಂದಾಗ ನಾನು ಕಲೆಯ ವಿಚಾರ ತೆಗೆಯುತ್ತೇನೆ, ಅವರು ಚಪ್ಪಲಿ ಹುಡುಕುತ್ತಾರೆ. ಎರಡು ಸಂಬಂಧ ಹೀಗೇ ತಪ್ಪಿತ್ತು.

ಕುದುರೆಯ ಕಿವಿ

ಚಳಿಗಾಲದ ಕರಕುಶಲ ಮೇಳಕ್ಕೆ ಬರುವವರಲ್ಲಿ ಮುಕ್ಕಾಲು ಪಾಲು ಅಜ್ಞಾನಿಗಳು. ಗೊಂಬೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಗೊಂಬೆಯನ್ನು ಅಲ್ಲೇ ಇಟ್ಟು ಎಗ್ ರೋಲ್ ತಿನ್ನಲು ಹೋಗುತ್ತಾರೆ. ಇವರ ಮಧ್ಯೆ ನಾನು ಸೀದಾ ಬಾಂಕುರಾದ ಮಣ್ಣಿನ ಕುದುರೆಯ ಮುಂದೆ ನಿಂತೆ. ಉದ್ದ ಕತ್ತು, ನೆಟ್ಟಗಿನ ಕಿವಿ. ತೂಕ ನೋಡೋಣವೆಂದು ಕಿವಿ ಹಿಡಿದು ಎತ್ತಿದೆ. ಕಿವಿ ಎರಡೂ ನನ್ನ ಕೈಗೆ ಬಂದವು. ಕುದುರೆ ನೆಲದಲ್ಲೇ ಉಳಿಯಿತು.

“ಒಡೆದ ಮಾಲು ಮಾರ್ತೀರಾ?” ಎಂದು ಹಿಂದಿಯಲ್ಲಿ ಗುಡುಗಿದೆ. ಜನ ಸೇರಿದರು.

ಕುದುರೆ ಮಾಡಿದ ಹೆಂಗಸು ನಿಧಾನವಾಗಿ ಕಿವಿ ಇಸಿದುಕೊಂಡು ಅದರ ತೂತಿಗೆ ಮತ್ತೆ ಸಿಕ್ಕಿಸಿದಳು. “ಕಿವಿ ಬೇರೆಯಾಗೇ ಮಾಡೋದು ದಾದಾ. ಆಗಿನಿಂದ ಅದನ್ನೇ ಹೇಳ್ತಾ ಇದ್ದೀನಿ, ನೀವು ಕೇಳ್ತಾನೇ ಇಲ್ಲ.” ಆಮೇಲೆ ಪಕ್ಕದವಳ ಕಡೆ ತಿರುಗಿದಳು. “ಈ ಬಾಬುಗೆ ಒಂದು ಜೊತೆ ಕಿವಿ ಹೆಚ್ಚಿಗೆ ಕಟ್ಟಿಕೊಡು. ಕುದುರೆಗಲ್ಲ.”

ಮೀನಿನ ಮದುವೆ

ಅದೇ ಮೇಳದಲ್ಲಿ ಪಟ ಬರೆಯುವ ಮುದುಕಿಯೊಬ್ಬಳನ್ನೂ ಕಂಡುಹಿಡಿದೆ. ಉದ್ದನೆಯ ಸುರುಳಿ, ಅದರಲ್ಲಿ ಮೀನುಗಳ ಮದುವೆ ದಿಬ್ಬಣ. ಈ ಜನ ಸುರುಳಿಯನ್ನು ಮೇಲಿನಿಂದ ಕೆಳಗೆ ಬಿಚ್ಚುತ್ತ ಹಾಡಿ ಕಥೆ ಹೇಳುತ್ತಾರೆ. ಆಕೆ ಗಂಟಲು ಸರಿಮಾಡಿಕೊಂಡಳು. “ಹಾಡು ಬೇಡ ಮಾಶಿ, ಪ್ಯಾಕ್ ಮಾಡಿ” ಎಂದೆ. ಚಿತ್ರ ತಿಳಿಯದವರಿಗೆ ತಾನೇ ಹಾಡು?

ನಮ್ಮ ಗೋಡೆ ಗಿಡ್ಡ. ಸುರುಳಿಯ ಕೊನೆಯನ್ನು ಬಿಚ್ಚದೆ ಹಾಗೇ ಬಿಟ್ಟು ತೂಗುಹಾಕಿದೆ.

ಬೆಂಗಳೂರಿನಿಂದ ಮೂರನೆಯ ಸಂಬಂಧ ಬಂತು. ಹುಡುಗನ ತಂದೆ ಕುದುರೆಯನ್ನು ಬೆರಳಲ್ಲಿ ತಟ್ಟಿ, “ಇದನ್ನ ಸೋಪು ಹಾಕಿ ತೊಳೀಬಹುದಾ?” ಅಂದರು. ಇಂಥವರಿಗೆ ಹೆಣ್ಣು ಕೊಡುವುದೇ ತಪ್ಪು. ಆದರೂ ಹೆಂಡತಿಯ ಮುಖ ನೋಡಿ ಪಟದ ಹತ್ತಿರ ಕರೆದೊಯ್ದೆ. “ನೋಡಿ, ಮೀನುಗಳು ಡೋಲು ಬಾರಿಸ್ತಿವೆ, ಇವನು ಮದುಮಗ, ಇವರು ಬೀಗರು, ಅಂದರೆ ನೀವು!” ಎಂದೆ. ಅದೇ ಉತ್ಸಾಹದಲ್ಲಿ ಕೊನೆಯ ಸುರುಳಿಯನ್ನೂ ಬಿಚ್ಚಿದೆ.

ಕೆಳಗೆ ಬಾಯಿ ತೆರೆದ ದೊಡ್ಡ ಮೀನು, ಮದುಮಗನಿಂದ ಡೋಲಿನವರೆಗೆ ಇಡೀ ದಿಬ್ಬಣವನ್ನೇ ನುಂಗುತ್ತಿತ್ತು.

ಉಪ್ಪಿಟ್ಟು ಆರುವ ಮೊದಲೇ ಅವರು ಹೊರಟರು. “ರೀ, ಇನ್ನೊಂದು ಸಂಬಂಧ ತಪ್ಪಲಿ, ಆ ಮೀನಿನ ಬಾಯಿಗೆ ನಾನೇ ನಿಮ್ಮನ್ನ ಹಾಕ್ತೀನಿ” ಎಂದಳು ಹೆಂಡತಿ.

ಒಂಬತ್ತು ವ್ಯಾಟ್

ಮನಸ್ಸು ಹಗುರವಾಗಲೆಂದು ಬಾರಾನಗರದ ಗಲ್ಲಿಗಳಲ್ಲಿ ಅಲೆಯುತ್ತಿದ್ದೆ. ಒಬ್ಬ ಮುದುಕ ಮನೆ ಜಗುಲಿಯಲ್ಲಿ ಕೂತು ಬೆಂಡನ್ನು ಹಾಳೆಯಂತೆ ಸೀಳುತ್ತಿದ್ದ. ಬೋರ್ಡಿಲ್ಲ, ಅಂಗಡಿಯಿಲ್ಲ. ಅವನ ತಲೆಯ ಮೇಲೆ ಗೋಪುರದ ಹಾಗೆ ಚೂಪಾದ, ಹಾಲಿನಂತೆ ಬೆಳ್ಳಗಿನ ಒಂದು ವಸ್ತು ತೂಗುತ್ತಿತ್ತು. ಸುತ್ತ ಹೂವು, ಕುಚ್ಚು. ಒಳಗೆ ಟೊಳ್ಳು. ನೋಡಿದ ತಕ್ಷಣ ತಿಳಿಯಿತು: ದೀಪದ ಶೇಡು. ಎಸ್ಪ್ಲನೇಡ್ ಪೇಟೆಯಲ್ಲಿ ಪ್ಲಾಸ್ಟಿಕ್ ದೀಪಕ್ಕೆ ಮುಗಿಬೀಳುವ ಮೂರ್ಖರಿಗೆ ಇದೆಲ್ಲಿ ಗೊತ್ತಾಗಬೇಕು!

“ಅಳತೆ ಎಷ್ಟು ದಾದಾ?” ಎಂದ ಮುದುಕ.

“ಒಂಬತ್ತು ವ್ಯಾಟ್.”

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. “ಸ್ವಲ್ಪ ಕೇಳಿ ದಾದಾ, ಇದು...”

“ನನಗೆ ಹೇಳಿಕೊಡಬೇಡಿ. ಇದರಲ್ಲೇ ಮುಳುಗಿ ಎದ್ದವನು ನಾನು.”

“ಆಯ್ತು. ಇದರ ಜೊತೆಗೆ ಚಿಕ್ಕದೊಂದು ಬರುತ್ತೆ” ಎಂದು ಅದನ್ನೂ ಕಟ್ಟಿಕೊಟ್ಟ. ನನ್ನ ಪಾಂಡಿತ್ಯಕ್ಕೆ ಗೌರವ! ದೊಡ್ಡದನ್ನು ಹಾಲಿನಲ್ಲಿ ಸೋಫಾದ ಮೇಲೆ ತೂಗುಹಾಕಿದೆ. ಚಿಕ್ಕದಕ್ಕೆ ಜೀರೋ ಬಲ್ಬು ಹಾಕಿ ಮಗಳ ಕೋಣೆಯಲ್ಲಿ ದಿಂಬಿನ ಮೇಲ್ಗಡೆ ಕಟ್ಟಿದೆ. “ಬಾಸಿಂಗ ಇದ್ದ ಹಾಗಿದೆಯಲ್ಲರೀ” ಎಂದಳು ಹೆಂಡತಿ.

“ನಿನ್ನ ತಲೇಲಿ ಬರೀ ಮದುವೆ ಕಣೇ” ಎಂದು ಬಾಯಿ ಮುಚ್ಚಿಸಿದೆ.

ನಾನು ಬಾಯಿ ತೆರೆಯಲಿಲ್ಲ

ಒಂದು ದಿನ ಮಗಳು ಹೇಳಿದಳು: “ಅಪ್ಪಾ, ಸಂಡೇ ನನ್ನ ಆಫೀಸ್ ಫ್ರೆಂಡ್ ಬರ್ತಾನೆ, ಪೇರೆಂಟ್ಸ್ ಜೊತೆ. ಆರ್ಟ್ ಬಗ್ಗೆ ಒಂದು ವರ್ಡ್ ಕೂಡ ಮಾತಾಡ್ಬೇಡ. ಪ್ಲೀಸ್.”

ಅಡುಗೆಮನೆಯಲ್ಲಿ ಹೆಂಡತಿ ಉಳಿದದ್ದನ್ನು ಪಿಸುಗುಟ್ಟಿದಳು. “ಹುಡುಗ ಬಂಗಾಳಿ. ಇಬ್ಬರೂ ಒಪ್ಪಿಕೊಂಡಿದ್ದಾರೆ. ಅವನ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಭಾನುವಾರ ಬರೀ ಪರಿಚಯ, ಆಮೇಲೆ ನಿಧಾನವಾಗಿ ಒಪ್ಪಿಸ್ಬೇಕು. ಇದೂ ತಪ್ಪಿದರೆ ನಿಮ್ಮ ಮಗಳು ನಿಮ್ಮನ್ನ ಕ್ಷಮಿಸಲ್ಲ.”

ಮಗಳ ಮುಖ ನೋಡಿದೆ. ಬಾಯಿಗೆ ಬೀಗ ಹಾಕಿದೆ.

ಅವರು ಬಂದರು. ಹುಡುಗ ಸೋಫಾದ ನಡುವೆ ಕೂತ. ಕುದುರೆಯ ಬಗ್ಗೆ ಕೇಳಿದರು, ನಕ್ಕೆ. ಪಟದ ಬಗ್ಗೆ ಕೇಳಿದರು, ಕೆಮ್ಮಿದೆ. ಸಂಜೆಯಾಗುತ್ತಿತ್ತು. ಕತ್ತಲಲ್ಲಿ ಕೂರಿಸುವುದು ಸರಿಯಲ್ಲವೆಂದು ಎದ್ದು ಸ್ವಿಚ್ ಹಾಕಿದೆ. ಅಷ್ಟೇ.

ಹುಡುಗನ ತಾಯಿ ಮೇಲೆ ನೋಡಿದರು. ಕೆಳಗೆ ಮಗನ ತಲೆ ನೋಡಿದರು. ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

“ಟೋಪೋರ್!” ಎಂದರು.

ಟೋಪೋರ್ ಅಂದರೆ ಬಂಗಾಳಿ ಮದುಮಗ ತಲೆಗೆ ಇಡುವ ಬೆಂಡಿನ ಕಿರೀಟ. ನಮ್ಮ ಬಾಸಿಂಗದ ಅಣ್ಣ. ಮೂರು ವರ್ಷದಲ್ಲಿ ಏಳು ಬಂಗಾಳಿ ಮದುವೆಗೆ ಹೋಗಿದ್ದೇನೆ, ಸೀದಾ ಊಟದ ಹಾಲಿಗೆ. ಮಿಷ್ಟಿ ದೋಯಿಯಂಥ ಸಿಹಿಮೊಸರು ಬಿಟ್ಟು ಮದುಮಗನ ತಲೆ ನೋಡುವಷ್ಟು ದಡ್ಡ ನಾನಲ್ಲ.

ಮಗಳು ಮುಖ ಮುಚ್ಚಿಕೊಂಡು ತನ್ನ ಕೋಣೆಗೆ ಓಡಿದಳು. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ಹೋಲಿಸಿದರೆ ಆ ಮೀನು ಸಾಧು ಪ್ರಾಣಿ.

ಹುಡುಗನ ತಾಯಿಯ ಕಣ್ಣಲ್ಲಿ ನೀರು. “ನಮ್ಮ ಹುಡುಗನ ಮೊಬೈಲ್ ತುಂಬ ನಿಮ್ಮ ಹುಡುಗಿಯದೇ ಫೋಟೋ. ಬೇರೆ ರಾಜ್ಯದವರು, ಒಪ್ತಾರೋ ಇಲ್ಲವೋ, ಹೇಗೆ ಕೇಳೋದು ಅಂತ ನಾವು ಹೆದರಿದ್ದೆವು. ನೀವು ನೋಡಿದ್ರೆ ಟೋಪೋರ್ ತಂದು, ದೀಪ ಹಚ್ಚಿ, ನನ್ನ ಮಗನನ್ನ ಅದರ ಕೆಳಗೇ ಕೂರಿಸಿದ್ದೀರಿ!” ಮಗಳನ್ನು ಅಪ್ಪಿಕೊಳ್ಳಲು ಅವಳ ಹಿಂದೆಯೇ ಕೋಣೆಗೆ ಓಡಿದರು. ಅಲ್ಲಿಂದ ಕೂಗಿದರು: “ಏನ್ರೀ, ಮದುಮಗಳ ಮುಕುಟವೂ ಇಲ್ಲಿ ಉರೀತಿದೆ!” ಆಮೇಲೆ ಆಕೆ ಬಂಗಾಳಿ ಹೆಂಗಸರು ಶುಭಕಾರ್ಯಕ್ಕೆ ಹಾಕುವಂತೆ ನಾಲಿಗೆ ಹೊರಳಿಸಿ ಹಾಕಿದ ಉಲೂಧ್ವನಿಗೆ ಮೇಲಿನ ಮಹಡಿಯವರು ಇಳಿದು ಬಂದು ಮದುವೆ ಯಾವತ್ತು ಎಂದು ಕೇಳಿದರು.

ಅವರೆಲ್ಲ ಹೋದ ಮೇಲೆ ನಾನು ಸೋಫಾದಲ್ಲಿ ಕಾಲು ಚಾಚಿದೆ. “ನೋಡಿದ್ಯೇನೇ? ಎಲ್ಲ ಮೊದಲಿಂದ ನನ್ನ ಪ್ಲಾನು.”

ಹೆಂಡತಿ ಶೋಕೇಸಿನ ಹತ್ತಿರ ಹೋದಳು. ಕುದುರೆಯ ಎರಡೂ ಕಿವಿ ಕಿತ್ತು ತಂದು ನನ್ನ ಕೈಯಲ್ಲಿಟ್ಟಳು.

“ಮದುವೆ ದಿನ ಇವನ್ನ ಹಾಕ್ಕೊಂಡು ಬನ್ನಿ. ಪುರೋಹಿತರು ಏನಾದರೂ ಹೇಳ್ತಿರ್ತಾರೆ.”