ಗೊಂಬೆ ಸಾಯಕೂಡದು

ಬಹಳ ಹಿಂದೆ, ಅಂದರೆ ಈಗಿರುವ ಯಾರಿಗೂ ಸಿಟ್ಟು ಬಾರದಷ್ಟು ಹಿಂದೆ, ಸ್ವಸ್ತಿಪುರವೆಂಬ ಒಂದು ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ಲಾಘಸೇನ ಮಹಾರಾಜರಿಗೆ ಸಾವೆಂಬ ಶಬ್ದವೇ ಆಗಿಬರುತ್ತಿರಲಿಲ್ಲ. ಹೊಸದಾಗಿ ಪಾಸಾದ ವೈದ್ಯರು ಒಂದು ವರ್ಷ ಹಿರಿಯರ ಕೈಕೆಳಗೆ ಪಳಗುವಾಗ ರೋಗಿಗಳು ಆಗೊಬ್ಬರು ಈಗೊಬ್ಬರು ಸಾಯುತ್ತಿದ್ದರು. ಆದಕಾರಣ ರಾಜಾಜ್ಞೆ ಹೊರಟಿತು: ಇನ್ನು ಹೊಸ ವೈದ್ಯರು ರಬ್ಬರ್ ಗೊಂಬೆಗಳ ಮೇಲೆ ಮಾತ್ರ ಕಲಿಯತಕ್ಕದ್ದು, ಫಲಿತಾಂಶ ಶೇಕಡಾ ನೂರು ಇರತಕ್ಕದ್ದು. ಹಿರಿಯ ವೈದ್ಯರನ್ನೆಲ್ಲ ಫಲಿತಾಂಶದ ವರದಿ ಬರೆಯಲು ಕೂರಿಸಲಾಯಿತು.

ಹಾಗೆ ಗೊಂಬೆಗಳ ಮೇಲೆ ಕಲಿಯಲು ಬಂದ ಹೊಸ ಡಾಕ್ಟರ್ ವೈಜಯಂತಿಗೆ ಈ ರಾಜನೀತಿ ತಿಳಿಯದು. ಒಂದು ದಿನ ಗೊಂಬೆಯ ಗಂಟಲಿಗೆ ಉಸಿರಾಟದ ಟ್ಯೂಬು ಇಳಿಸಿ ಗಾಳಿ ಒತ್ತಿದಳು. ಎದೆ ಏಳಲಿಲ್ಲ, ಹೊಟ್ಟೆ ಉಬ್ಬಿತು. ಟ್ಯೂಬು ಅನ್ನನಾಳಕ್ಕೆ ಹೋಗಿತ್ತು. ಅವಳು ಫಲಿತಾಂಶದ ನಮೂನೆಯಲ್ಲಿ ‘ರೋಗಿ ಮೃತ’ ಎಂದು ಬರೆದಳು.

ಆರೋಗ್ಯಮಂತ್ರಿ ಅಸ್ತುರಾಯರು ಏದುಸಿರು ಬಿಡುತ್ತ ಓಡಿಬಂದರು.

“ಏನಮ್ಮಾ ಇದು, ಪ್ರಭುಗಳ ಗೊಂಬೇನೇ ಸಾಯಿಸ್ಬಿಟ್ಟೆಯಲ್ಲ! ಮೊದ್ಲು ‘ಗುಣಮುಖ’ ಅಂತ ತಿದ್ದು. ಇಲ್ದಿದ್ರೆ ಸರ್ಟಿಫಿಕೇಟು ಮರೆತುಬಿಡು.”

“ತಿದ್ತೀನಿ ಸಾರ್. ಆದ್ರೆ ಕೈ ಎಲ್ಲಿ ತಪ್ಪಿತು ಅಂತ ಯಾರಾದ್ರೂ ತೋರಿಸ್ಕೊಡ್ಲಿ. ನಾಳೆ ನಿಜವಾದ ರೋಗಿ ಬಂದ್ರೆ?”

“ತಪ್ಪೇ ಆಗಿಲ್ವಲ್ಲಮ್ಮ, ತೋರಿಸೋದೇನನ್ನ?”

ವೈಜಯಂತಿ ತಲೆ ತಗ್ಗಿಸಿ ತಿದ್ದಿದಳು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ವರ್ಷದ ಕೊನೆಗೆ ಆಸ್ಥಾನದಲ್ಲಿ ಪವರ್‌ಪಾಯಿಂಟ್ ಪ್ರದರ್ಶನ ನಡೆಯಿತು. ಒಂದೇ ಒಂದು ಗೊಂಬೆಯೂ ಸತ್ತಿರಲಿಲ್ಲ. ಮಹಾರಾಜರಿಗೆ ‘ಮೃತ್ಯುಂಜಯ’ ಎಂಬ ಬಿರುದು, ವೈಜಯಂತಿಗೆ ಚಿನ್ನದ ಪದಕ ಮತ್ತು ಗಡಿಯೂರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದವು.

ಅಲ್ಲಿ ಮೊದಲ ವಾರವೇ ನೇಕಾರ ಮಲ್ಲೇಶಿ, ಉಸಿರು ಕಟ್ಟಿದ ಹೆಂಡತಿಯನ್ನು ಹೊತ್ತು ತಂದ.

“ಡಾಕ್ಟರವ್ವಾ, ಹೆಂಗಾರ ಮಾಡಿ ಉಳಿಸ್ಕೊಡ್ರಿ.”

ವೈಜಯಂತಿ ಟ್ಯೂಬು ಇಳಿಸಿದಳು. ಹೊಟ್ಟೆ ಉಬ್ಬಿತು. ಹೊರಗೆಳೆದು ಮತ್ತೆ ಇಳಿಸಿದಳು. ಮತ್ತೆ ಹೊಟ್ಟೆಯೇ. “ಹಿರಿಯರನ್ನ ಕರೀರಿ!” ಎಂದು ಕಿರುಚಿದಳು. ಹಿರಿಯರೆಲ್ಲ ರಾಜಧಾನಿಯಲ್ಲಿ ವರದಿ ಬರೆಯುತ್ತಿದ್ದರು. ಮೂರನೆಯ ಸಲ ಇಳಿಸುವ ಅಗತ್ಯ ಬೀಳಲಿಲ್ಲ.

ಈ ಸಲ ಅವಳು ಯಾರ ಮಾತೂ ಕೇಳಬಾರದೆಂದು ಪೆನ್ನು ಹಿಡಿದಳು. ಆದರೆ ನಮೂನೆಯಲ್ಲಿ ‘ಮೃತ’ ಎಂದು ಬರೆಯಲು ಜಾಗವೇ ಇರಲಿಲ್ಲ.

“ಆ ಕಾಲಂ ತೆಗೆದ್ಬಿಟ್ಟಿದಾರೆ ಮೇಡಂ,” ಎಂದ ಗುಮಾಸ್ತ, ‘ಗುಣಮುಖ’ ಎಂದು ಠಸ್ಸೆ ಒತ್ತಿದ.

ಮಲ್ಲೇಶಿ ಹೆಣ ಸಾಗಿಸುವ ಗಾಡಿ ಕೇಳಿದ.

“ಗುಣವಾದೋರಿಗೆ ಗಾಡಿ ಇಲ್ಲಪ್ಪ, ನಡ್ಕೊಂಡು ಹೋಗ್ಬೇಕು,” ಎಂದ ಗುಮಾಸ್ತ.

ಮಲ್ಲೇಶಿ ಹೆಂಡತಿಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆದ. ದಾರಿಯುದ್ದಕ್ಕೂ ಮೃತ್ಯುಂಜಯ ಪ್ರಭುಗಳ ಕಟೌಟುಗಳು ಅವನಿಗೆ ಕೈಮುಗಿದು ನಗುತ್ತಿದ್ದವು.